ಮನೆ ತುಂಬ ಜನ, ಬಾಣಂತಿ ಒಬ್ಬಳೇ

ಹೆರಿಗೆಯಾಗಿ ಹನ್ನೆರಡು ದಿನವಾಗಿದೆ. ರಾತ್ರಿ ಮೂರು ಗಂಟೆ. ಮಗು ಹಾಲು ಕುಡಿದು ನಿದ್ದೆಹೋಗಿ ಮುಕ್ಕಾಲು ಗಂಟೆ ಕಳೆದರೂ ತಾಯಿಗೆ ಕಣ್ಣು ಹತ್ತುತ್ತಿಲ್ಲ. ಮಗುವಿನ ಎದೆ ಏರಿಳಿಯುತ್ತಿದೆಯೇ ಎಂದು ಮೊಬೈಲಿನ ಬೆಳಕಿನಲ್ಲಿ ಆಗಲೇ ಎರಡು ಸಲ ನೋಡಿದ್ದಾಳೆ, ಮೂರನೆಯ ಸಲ ನೋಡಲು ಏಳುತ್ತಿದ್ದಾಳೆ. ಪಕ್ಕದ ಕೋಣೆಯಲ್ಲಿ ಅವಳ ತಾಯಿ ಇದ್ದಾರೆ, ಆಚೆಗೆ ಅತ್ತೆ ಇದ್ದಾರೆ, ಮಂಚದ ಇನ್ನೊಂದು ಬದಿಗೆ ಗಂಡ ಮಲಗಿದ್ದಾನೆ. ಬೆಳಗ್ಗೆ ಯಾರೋ ಒಬ್ಬರು "ರಾತ್ರಿ ನಿದ್ದೆ ಬಂತೇನಮ್ಮಾ?" ಎಂದು ಕೇಳುತ್ತಾರೆ, ಅವಳು "ಹೂಂ" ಎನ್ನುತ್ತಾಳೆ. ಕೇಳಿದವರು ಆ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಹೊರಟಾಗಿರುತ್ತದೆ.

ಹೊಸ ತಾಯಂದಿರ ಮಾನಸಿಕ ಆರೋಗ್ಯದ ಮಾತು ಬಂದಾಗಲೆಲ್ಲ ಕುಟುಂಬದ ಬೆಂಬಲವೇ ಮದ್ದು ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ಹೆರಿಗೆಯ ನಂತರದ ಖಿನ್ನತೆಯನ್ನು ಕುರಿತ ಅಧ್ಯಯನಗಳಲ್ಲಿ ಬೆಂಬಲದ ಕೊರತೆ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಅಪಾಯಕಾರಿ ಅಂಶವೇ ಹೌದು. ಆದರೆ ಅಲ್ಲಿ ಸಾಮಾನ್ಯವಾಗಿ ಅಳೆಯುವುದು ಮನೆಯಲ್ಲಿರುವವರ ತಲೆಗಳನ್ನಲ್ಲ, ತನಗೆ ಆಸರೆ ಇದೆ ಎಂದು ತಾಯಿಗೆ ಅನ್ನಿಸುತ್ತಿದೆಯೇ ಎಂಬುದನ್ನು. ಈ ಎರಡರ ನಡುವಿನ ಅಂತರದಲ್ಲಿಯೇ ಬಹಳಷ್ಟು ಸಂಕಟ ಅಡಗಿದೆ. ಆರು ಜನರಿರುವ ಮನೆಯಲ್ಲಿ ಒಬ್ಬಳೇ ಆಗಿಬಿಡುವುದು ಸಾಧ್ಯ; ದೂರದ ಊರಿನಲ್ಲಿ ಗಂಡನೊಬ್ಬನ ಜೊತೆಗಿದ್ದೂ ನಿಶ್ಚಿಂತೆಯಿಂದಿರುವುದೂ ಸಾಧ್ಯ.

ಮೊದಲು ಯಾವುದನ್ನು ಏನೆಂದು ಕರೆಯಬೇಕೆಂಬುದು ಸ್ಪಷ್ಟವಾಗಬೇಕು, ಏಕೆಂದರೆ ಮನೆಯವರು ಎಡವುವುದು ಇಲ್ಲಿಯೇ. ಹೆರಿಗೆಯಾದ ಮೂರನೆಯ ದಿನದಿಂದ ಐದನೆಯ ದಿನದ ಹೊತ್ತಿಗೆ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೂ ರೇಗುವುದು, ಮರುಗಳಿಗೆಯಲ್ಲಿ ನಗುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಾಣಿಸುತ್ತದೆ. ಇದಕ್ಕೆ ಬೇಬಿ ಬ್ಲೂಸ್ ಎನ್ನುತ್ತಾರೆ; ಇದು ಕಾಯಿಲೆಯಲ್ಲ, ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಮಾಸು ಹೊರಬಿದ್ದ ಒಂದೆರಡು ದಿನಗಳಲ್ಲಿಯೇ, ಗರ್ಭಾವಸ್ಥೆಯುದ್ದಕ್ಕೂ ಏರುತ್ತ ಬಂದಿದ್ದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಕಡಿದಾಗಿ ಕುಸಿಯುತ್ತವೆ. ಅದರ ಮೇಲೆ ಹೆರಿಗೆಯ ಆಯಾಸ, ನಿದ್ದೆಗೇಡು, ಗಾಯದ ನೋವು ಸೇರುತ್ತವೆ. ಇಷ್ಟಾದ ಮೇಲೆ ಅಳು ಬಾರದಿದ್ದರೇ ಆಶ್ಚರ್ಯಪಡಬೇಕು.

ಖಿನ್ನತೆಯ ದಾರಿ ಬೇರೆ. ಎರಡು ವಾರ ಕಳೆದರೂ ಮನಸ್ಸು ಮೇಲೇಳುವುದಿಲ್ಲ. ಯಾವುದರಲ್ಲಿಯೂ ರುಚಿಯಿಲ್ಲ, ಮಗುವನ್ನು ಎತ್ತಿಕೊಂಡಾಗ ಬರಬೇಕಾದ ಅಕ್ಕರೆ ಬರುತ್ತಿಲ್ಲವೆಂಬ ಅಪರಾಧಿ ಭಾವ, ತಾನು ತಾಯಿಯಾಗಲು ತಕ್ಕವಳಲ್ಲ ಎಂಬ ಕೊರೆತ, ಅತಿಯಾದ ಆತಂಕ ಇವೆಲ್ಲ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು ಶೇ. 10ರಷ್ಟು ಗರ್ಭಿಣಿಯರು ಮತ್ತು ಶೇ. 13ರಷ್ಟು ಬಾಣಂತಿಯರು ಯಾವುದಾದರೊಂದು ಮಾನಸಿಕ ತೊಂದರೆಯನ್ನು, ಮುಖ್ಯವಾಗಿ ಖಿನ್ನತೆಯನ್ನು, ಅನುಭವಿಸುತ್ತಾರೆ. ಅಭಿವೃದ್ಧಿಶೀಲ ದೇಶಗಳಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 15.6 ಮತ್ತು ಶೇ. 19.8. ಹೆರಿಗೆಯ ನಂತರದ್ದು ಎಂದು ಕರೆಯುವ ಖಿನ್ನತೆಯಲ್ಲಿ ಸರಿಸುಮಾರು ಅರ್ಧದಷ್ಟು ಗರ್ಭಾವಸ್ಥೆಯಲ್ಲಿಯೇ ಮೊದಲಾಗಿರುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ತೂಕವನ್ನು ತಿಂಗಳು ತಿಂಗಳು ಲೆಕ್ಕಹಾಕುವ ಮನೆಯವರು ಹೊತ್ತವಳ ಮನಸ್ಸಿನ ಬಗ್ಗೆ ಹೆರಿಗೆಯವರೆಗೆ ಕೇಳದೇ ಇದ್ದರೆ, ಆಗಲೇ ತಡವಾಗಿರುತ್ತದೆ.

ಮೂರನೆಯದು ವಿರಳ, ಆದರೆ ತುರ್ತಿನದು. ಹಿಂದಿನವರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದುದರಲ್ಲಿ ಒಂದು ಭಾಗ ಇಂದು ವೈದ್ಯರು ಹೇಳುವ ಹೆರಿಗೆಯ ನಂತರದ ಸೈಕೋಸಿಸ್. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲಿ, ಥಟ್ಟನೆ ಕಾಣಿಸಿಕೊಳ್ಳುತ್ತದೆ: ನಿದ್ದೆಯೇ ಬೇಡವೆನ್ನಿಸುವುದು, ಮಾತು ದಿಕ್ಕುತಪ್ಪುವುದು, ಇಲ್ಲದ ದನಿ ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆಗಳು ಮೂಡುವುದು. ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಬೈಪೋಲಾರ್ ಕಾಯಿಲೆಯ ಹಿನ್ನೆಲೆಯಿದ್ದವರಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು. ಇಲ್ಲಿ ಸಮಾಧಾನದ ಮಾತಿಗೆ, ವಿಶ್ರಾಂತಿಗೆ, ನಾಳೆ ನೋಡೋಣ ಎಂಬುದಕ್ಕೆ ಜಾಗವಿಲ್ಲ; ತಾಯಿಯನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಸಮಯಕ್ಕೆ ಚಿಕಿತ್ಸೆ ಸಿಕ್ಕಿದರೆ ಬಹುತೇಕರು ಪೂರ್ಣವಾಗಿ ಚೇತರಿಸಿಕೊಳ್ಳುತ್ತಾರೆ.

ಇನ್ನು ಬೆಂಬಲದ ವಿಷಯ. ಮಗುವನ್ನು ನೋಡಲು ಬಂದವರಿರುವ ಒಂದು ಮಧ್ಯಾಹ್ನವನ್ನು ಗಮನಿಸಿದರೆ ಸಾಕು, ಲೇಖನಗಳು ಹೇಳದ ಸಂಗತಿ ಕಣ್ಣಿಗೆ ಬೀಳುತ್ತದೆ. ಮಗು ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹೋಗುತ್ತಿರುತ್ತದೆ, ಎಲ್ಲರೂ ಮೂಗು ಯಾರದು ಕಣ್ಣು ಯಾರದು ಎಂದು ಚರ್ಚಿಸುತ್ತಿರುತ್ತಾರೆ. ಹೊಲಿಗೆಯ ನೋವಿಗೆ ಒಂದು ಬದಿಗೆ ವಾಲಿ ಕುಳಿತಿದ್ದ ತಾಯಿ ಎದ್ದು ಒದ್ದೆ ಬಟ್ಟೆಗಳನ್ನು ಎತ್ತಿಡುತ್ತಾಳೆ, ಬಂದವರಿಗೆ ಲೋಟ ತೊಳೆದು ತರುತ್ತಾಳೆ. ಮಗು ಅತ್ತ ಕೂಡಲೇ "ಹಸಿವಾಗಿದೆ ಅನ್ನಿಸುತ್ತೆ, ತಗೋಮ್ಮಾ" ಎಂದು ಅದು ಅವಳ ಕೈಗೇ ಮರಳುತ್ತದೆ. ಅಂದರೆ ನಗುವ ಮಗು ಎಲ್ಲರದ್ದು, ಅಳುವ ಮಗುವೂ ಮನೆಗೆಲಸವೂ ಅವಳದ್ದು. ಬಂದವರೆಲ್ಲ ಪ್ರೀತಿಯಿಂದಲೇ ಬಂದವರು. ಆದರೂ ಆ ಮಧ್ಯಾಹ್ನದಲ್ಲಿ ಅವಳ ಭಾರ ಒಂದು ತೊಲವೂ ಇಳಿದಿರುವುದಿಲ್ಲ. ಕೆಲಸವನ್ನು ಹೊತ್ತುಕೊಂಡು ಮಗುವನ್ನು ಅವಳ ಬಳಿ ಬಿಡುವುದೋ, ಅವಳು ಮಲಗಬೇಕೆಂದಾಗ ಮಗುವನ್ನು ಅಳುವೂ ಸೇರಿದಂತೆ ಹೊತ್ತುಕೊಳ್ಳುವುದೋ, ಎರಡರಲ್ಲಿ ಯಾವುದು ಬೇಕೆಂದು ಅವಳನ್ನೇ ಕೇಳುವುದು ನೆರವು.

ನಿದ್ದೆಯನ್ನು ನಾನು ಈ ನೆರವಿನ ಪಟ್ಟಿಯ ಮೊದಲಿಗೇ ಇಡುತ್ತೇನೆ. ಮಗು ಮಲಗಿದಾಗ ನೀನೂ ಮಲಗು ಎಂಬ ಸಲಹೆಯನ್ನು ಕೊಡದವರಿಲ್ಲ, ಅದನ್ನು ಪಾಲಿಸಲು ಆಗುವ ತಾಯಿ ಅಪರೂಪ. ಎರಡೆರಡು ಗಂಟೆಗೆ ತುಂಡಾಗುವ ನಿದ್ದೆ ಒಟ್ಟು ಲೆಕ್ಕದಲ್ಲಿ ಏಳು ಗಂಟೆಯಾದರೂ ಶರೀರಕ್ಕೆ ಅದು ಏಳು ಗಂಟೆಯ ನಿದ್ದೆಯಲ್ಲ. ಆದ್ದರಿಂದಲೇ ಮನೋವೈದ್ಯರು ಅಪಾಯದ ಅಂಚಿನಲ್ಲಿರುವ ತಾಯಂದಿರಿಗೆ ರಾತ್ರಿಯಲ್ಲಿ ನಾಲ್ಕೈದು ಗಂಟೆಗಳ ಒಂದು ಅಖಂಡ ನಿದ್ದೆಯನ್ನು ಒದಗಿಸಿಕೊಡಿ ಎಂದು ಮನೆಯವರಿಗೆ ಹೇಳುತ್ತಾರೆ. ಇದು ಕೇಳಲು ಸುಲಭ, ನಡೆಸಲು ಕಷ್ಟ: ಯಾರೋ ಒಬ್ಬರು ಬೇರೆ ಕೋಣೆಯಲ್ಲಿ ಮಗುವಿನೊಡನೆ ಎಚ್ಚರವಿರಬೇಕು, ಒಂದು ಸಲದ ಹಾಲನ್ನು ಮುಂಚೆಯೇ ಹಿಂಡಿಟ್ಟುಕೊಳ್ಳುವುದೋ ಬೇರೆ ಹಾಲು ಕೊಡುವುದೋ ಎಂದು ಹಗಲಿನಲ್ಲಿಯೇ ತೀರ್ಮಾನವಾಗಿರಬೇಕು, ಆ ತೀರ್ಮಾನವನ್ನು ಯಾರೂ ಮರುದಿನ ಹೀಯಾಳಿಸಬಾರದು. ಕುಟುಂಬದ ಬೆಂಬಲ ಎಂಬ ದೊಡ್ಡ ಮಾತು ಕೊನೆಗೆ ಬಂದು ನಿಲ್ಲುವುದು ರಾತ್ರಿ ಹನ್ನೊಂದರಿಂದ ಮೂರರವರೆಗೆ ಏಳುವವರು ಯಾರು ಎಂಬ ಸಣ್ಣ ಪ್ರಶ್ನೆಯಲ್ಲಿ.

ಮಾತಿನ ಭಾರವೂ ಕಡಿಮೆಯದಲ್ಲ. "ಹಾಲು ಸಾಕಾಗುತ್ತಿದೆಯಾ?" ಎಂಬುದು ದಿನಕ್ಕೊಮ್ಮೆ ಕೇಳಿದರೆ ಕಾಳಜಿ, ಐದು ಸಲ ಕೇಳಿದರೆ ವಿಚಾರಣೆ. "ನಾವೇನು ಮಕ್ಕಳನ್ನು ಹೆತ್ತವರಲ್ಲವೇ?" ಎಂಬ ಮಾತಂತೂ, ಹೇಳುವವರ ಮನಸ್ಸಿನಲ್ಲಿ ಧೈರ್ಯ ತುಂಬುವ ಉದ್ದೇಶವಿದ್ದರೂ, ಕೇಳುವವಳಿಗೆ ಬಾಯಿ ಮುಚ್ಚು ಎಂದಂತೆಯೇ ಕೇಳಿಸುತ್ತದೆ. ಆಮೇಲೆ ಅವಳು ಹೇಳುವುದನ್ನು ನಿಲ್ಲಿಸುತ್ತಾಳೆ, ಮನೆಯವರು ಸುಧಾರಿಸಿದಳು ಎಂದುಕೊಳ್ಳುತ್ತಾರೆ. ಹಿರಿಯರ ಅನುಭವವನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಮಗುವನ್ನು ಹಿಡಿಯುವ, ಮೀಯಿಸುವ, ಸಮಾಧಾನಪಡಿಸುವ ಕೌಶಲವನ್ನು ಪುಸ್ತಕದಿಂದ ಕಲಿಯಲಾಗದು. ಆದರೆ ಆ ಕೌಶಲವನ್ನು ಕೈಯಿಂದ ತೋರಿಸಿಕೊಡುವುದು ಬೇರೆ, ಅದನ್ನು ಅಳತೆಗೋಲು ಮಾಡಿಕೊಂಡು ಹೊಸಬಳನ್ನು ಅಳೆಯುವುದು ಬೇರೆ. ಅವರ ಕಾಲದಲ್ಲಿಯೂ ಕತ್ತಲಲ್ಲಿ ಅತ್ತವರು ಇದ್ದರು. ಅವರಿಗೆ ಅದನ್ನು ಹೇಳಿಕೊಳ್ಳಲು ಯಾರೂ ಸಿಗಲಿಲ್ಲ, ಅಷ್ಟೆ.

ಕೆಲವು ಮನೆಗಳಲ್ಲಂತೂ ಕುಟುಂಬವೇ ಕಾಯಿಲೆಯ ಮೂಲ. ಗಂಡನಿಂದ ಹಿಂಸೆ, ಅತ್ತೆಮನೆಯವರೊಡನೆ ವೈಮನಸ್ಯ, ಗಂಡುಮಗುವನ್ನು ಬಯಸಿದ್ದಲ್ಲಿ ಹೆಣ್ಣುಮಗು ಹುಟ್ಟಿದ್ದು ಇವು ಖಿನ್ನತೆಯ ಅಪಾಯವನ್ನು ಹೆಚ್ಚಿಸುತ್ತವೆ ಎಂಬುದು ದಕ್ಷಿಣ ಏಷ್ಯಾದ ಅಧ್ಯಯನಗಳಲ್ಲಿ ದಾಖಲಾಗಿದೆ. ಅಂಥ ಮನೆಯಲ್ಲಿರುವ ತಾಯಿಗೆ ಮನೆಯವರ ಜೊತೆ ಮನಸ್ಸು ಬಿಚ್ಚಿ ಮಾತನಾಡು ಎಂದು ಉಪದೇಶಿಸುವುದು ಕ್ರೌರ್ಯ. ಅವಳಿಗೆ ಬೇಕಾದ ಮೊದಲ ನೆರವು ಆ ಮನೆಯಿಂದ ಹೊರಗಿನದು.

ಹಾಗಾದರೆ ಕುಟುಂಬವನ್ನು ಸರಿಯಾಗಿ ಬಳಸಿಕೊಳ್ಳುವುದು ಹೇಗೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಪಾಕಿಸ್ತಾನದ ರಾವಲ್ಪಿಂಡಿಯ ಗ್ರಾಮೀಣ ಭಾಗದಲ್ಲಿ. ಮನೋವೈದ್ಯ ಆತಿಫ್ ರಹಮಾನ್ ಮತ್ತು ಸಂಗಡಿಗರು ಅಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಗರ್ಭಾವಸ್ಥೆಯ ಕೊನೆಯ ಹಂತದಲ್ಲಿ ಖಿನ್ನತೆಯಿದ್ದ 903 ಮಹಿಳೆಯರಲ್ಲಿ ಒಂದು ಗುಂಪಿಗೆ, ಮನೋವೈದ್ಯರಲ್ಲ, ಊರಿನ ಆರೋಗ್ಯ ಕಾರ್ಯಕರ್ತೆಯರೇ ಮನೆಗೆ ಹೋಗಿ, ತಲೆಯಲ್ಲಿ ಸುತ್ತುವ ಯೋಚನೆಗಳನ್ನು ಗುರುತಿಸಿ ಬದಲಿಸಿಕೊಳ್ಳುವ ಸರಳ ಕ್ರಮವನ್ನು ಕಲಿಸಿದರು. ಇನ್ನೊಂದು ಗುಂಪಿಗೆ ಅಷ್ಟೇ ಸಲ ಮಾಮೂಲಿ ಭೇಟಿ ಮಾತ್ರ. ಮಗುವಿಗೆ ಆರು ತಿಂಗಳಾದಾಗ ಮೊದಲ ಗುಂಪಿನಲ್ಲಿ ಶೇ. 23ರಷ್ಟು ತಾಯಂದಿರಲ್ಲಿ ಖಿನ್ನತೆ ಉಳಿದಿತ್ತು, ಎರಡನೆಯದರಲ್ಲಿ ಶೇ. 53ರಷ್ಟು ತಾಯಂದಿರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮವನ್ನು ಕೈಪಿಡಿಯಾಗಿ 2015ರಲ್ಲಿ ಹೊರತಂದಿತು.

ಅಂಕಿಗಳಿಗಿಂತ ನನ್ನ ಗಮನ ಸೆಳೆದದ್ದು ಅವರು ಮನೆಯ ಬಾಗಿಲು ತೆರೆಸಿದ ರೀತಿ. ನಿಮ್ಮ ಸೊಸೆಗೆ ಮಾನಸಿಕ ಕಾಯಿಲೆಯಿದೆ, ಚಿಕಿತ್ಸೆ ಕೊಡುತ್ತೇವೆ ಎಂದು ಹೇಳಿದ್ದರೆ ಎಷ್ಟು ಬಾಗಿಲುಗಳು ತೆರೆಯುತ್ತಿದ್ದವೋ ಹೇಳಲಾಗದು. ಕಾರ್ಯಕರ್ತೆಯರು ಮಗುವಿನ ಬೆಳವಣಿಗೆಯ ಮಾತೆತ್ತಿದರು. ಮಗು ಚೆನ್ನಾಗಿ ಬೆಳೆಯಬೇಕಾದರೆ ತಾಯಿ ಚೆನ್ನಾಗಿರಬೇಕು, ಅದಕ್ಕೆ ಮನೆಯವರೆಲ್ಲ ಇಂತಿಂಥದನ್ನು ಮಾಡಬೇಕು ಎಂದು ಕೆಲಸ ಹಂಚಿದರು. ಮಗು ಎಲ್ಲರಿಗೂ ಬೇಕಾದದ್ದರಿಂದ ಯಾರೂ ಬೇಡವೆನ್ನಲಿಲ್ಲ. ಇದರಲ್ಲಿ ಜಾಣತನವಿದೆ, ಸ್ವಲ್ಪ ವಿಷಾದವೂ ಇದೆ: ತಾಯಿಯ ಮನಸ್ಸು ಮನೆಯವರ ಕಣ್ಣಿಗೆ ಬೀಳಬೇಕಾದರೆ ಅದನ್ನು ಮಗುವಿನ ಹೆಸರಿನಲ್ಲಿ ತೋರಿಸಬೇಕಾಯಿತು.

ಗಂಡನ ಪಾಲಿನ ಬಗ್ಗೆ ಬೇರೆ ತೆರನ ಸಾಕ್ಷ್ಯ ಸ್ವೀಡನ್ನಿನಿಂದ ಬಂದಿದೆ. ಅಲ್ಲಿ 2012ರ ಸುಧಾರಣೆಯೊಂದು, ತಾಯಿ ರಜೆಯಲ್ಲಿರುವಾಗಲೇ ತಂದೆಯೂ ಮಗುವಿನ ಮೊದಲ ವರ್ಷದಲ್ಲಿ ಒಟ್ಟು 30 ದಿನಗಳವರೆಗೆ ವೇತನಸಹಿತ ರಜೆಯನ್ನು ಬೇಕಾದ ದಿನಗಳಂದು ಬಿಡಿಬಿಡಿಯಾಗಿ ಪಡೆಯಲು ಅವಕಾಶ ಕೊಟ್ಟಿತು. ಅರ್ಥಶಾಸ್ತ್ರಜ್ಞೆಯರಾದ ಪೆತ್ರಾ ಪರ್ಸನ್ ಮತ್ತು ಮಾಯಾ ರೋಸಿನ್ ಸ್ಲೇಟರ್ ನಂತರದ ದಾಖಲೆಗಳನ್ನು ಪರಿಶೀಲಿಸಿದಾಗ, ಹೆರಿಗೆಯ ನಂತರದ ಆರು ತಿಂಗಳಲ್ಲಿ ತಾಯಂದಿರಿಗೆ ಬರೆದುಕೊಡುವ ಆತಂಕ ನಿವಾರಕ ಔಷಧಿಗಳ ಪ್ರಮಾಣ ಶೇ. 26ರಷ್ಟು ಇಳಿದಿತ್ತು. ಅಪ್ಪಂದಿರು ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತು ಈ ಫಲ ಬರಲಿಲ್ಲ. ಅವರು ಹೆಚ್ಚುವರಿಯಾಗಿ ತೆಗೆದುಕೊಂಡದ್ದು ಕೆಲವೇ ದಿನಗಳನ್ನು. ಆದರೆ ಅವು ತಾಯಿಗೆ ಜ್ವರ ಬಂದ ದಿನ, ರಾತ್ರಿಯೆಲ್ಲ ಮಗು ಅತ್ತ ಮರುದಿನ, ಹೀಗೆ ಬೇಕೇಬೇಕಾದ ದಿನಗಳಾಗಿದ್ದಿರಬಹುದು. ಹೆರಿಗೆಯಾದ ಕೂಡಲೇ ಒಂದೇ ಗಂಟಿನಲ್ಲಿ ಹದಿನೈದು ದಿನ ರಜೆ ಹಾಕಿ, ಆಮೇಲೆ ಬೆಳಗಿನಿಂದ ರಾತ್ರಿಯವರೆಗೆ ಕಾಣೆಯಾಗುವ ಪದ್ಧತಿಗಿಂತ ಇದು ಎಷ್ಟೋ ವಿವೇಕದ್ದು.

ತಂದೆಯೂ ಕಲ್ಲಲ್ಲ. 2010ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು ಹತ್ತರಲ್ಲಿ ಒಬ್ಬ ಹೊಸ ತಂದೆಯಲ್ಲಿಯೂ ಖಿನ್ನತೆ ಕಾಣಿಸುತ್ತದೆಂದೂ, ಮಗುವಿಗೆ ಮೂರರಿಂದ ಆರು ತಿಂಗಳಾಗುವ ಹೊತ್ತಿಗೆ ಅದು ಹೆಚ್ಚೆಂದೂ ಹೇಳಿತು. ಹೆಂಡತಿ ಕುಗ್ಗಿದ್ದರೆ ಗಂಡನೂ ಕುಗ್ಗುವ ಸಾಧ್ಯತೆ ಹೆಚ್ಚು. ಸಿಡುಕು, ತಡವಾಗಿ ಮನೆಗೆ ಬರುವುದು, ಕುಡಿತ ಇಂಥ ವೇಷಗಳಲ್ಲಿ ಅದು ಬರುವುದರಿಂದ ಖಿನ್ನತೆ ಎಂದು ಯಾರಿಗೂ ತೋಚುವುದಿಲ್ಲ.

ಮನೆಯವರು ಎಷ್ಟೇ ಒಳ್ಳೆಯವರಾಗಿದ್ದರೂ ಕೆಲವು ಮಾತುಗಳನ್ನು ಅವರೆದುರು ಆಡಲಾಗುವುದಿಲ್ಲ. ಕೆನಡಾದ ಒಂಟಾರಿಯೋದಲ್ಲಿ ಸಿಂಡಿ ಲೀ ಡೆನ್ನಿಸ್ ಮತ್ತು ಸಂಗಡಿಗರು 701 ತಾಯಂದಿರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಂದೆ ಹೆರಿಗೆಯ ನಂತರದ ಖಿನ್ನತೆಯನ್ನು ಅನುಭವಿಸಿ ಗುಣವಾಗಿದ್ದ ಸ್ವಯಂಸೇವಕಿಯರು ದೂರವಾಣಿಯಲ್ಲಿ ಮಾತನಾಡುತ್ತಿದ್ದರು. ಹನ್ನೆರಡು ವಾರದ ಹೊತ್ತಿಗೆ ಅಂಥ ಕರೆಗಳನ್ನು ಪಡೆದವರಲ್ಲಿ ಖಿನ್ನತೆಯ ಲಕ್ಷಣಗಳ ಪ್ರಮಾಣ ಶೇ. 14, ಪಡೆಯದವರಲ್ಲಿ ಶೇ. 25. ನನಗೂ ಹಾಗೇ ಆಗಿತ್ತು ಎಂಬ ಮಾತನ್ನು ಆಡಬಲ್ಲವಳು ಮನೆಯ ಹೊರಗೆ ಇದ್ದರೆ, ಅವಳ ಕರೆ ಬಂದಾಗ ಮನೆಯವರು ಮಗುವನ್ನು ಎತ್ತಿಕೊಂಡು ಕೋಣೆಯ ಬಾಗಿಲನ್ನು ಎಳೆದುಕೊಂಡು ಬರುವುದು ಕೂಡ ಬೆಂಬಲವೇ.

ಅಂಥ ಮಾತುಗಳಲ್ಲಿ ಅತಿ ಕಠಿಣವಾದದ್ದೊಂದನ್ನು ಇಲ್ಲಿ ಬಿಡಿಸಿ ಹೇಳಬೇಕು. ಮೆಟ್ಟಿಲಿಳಿಯುವಾಗ ಮಗು ಕೈಜಾರಿದಂತೆ, ಸ್ನಾನ ಮಾಡಿಸುವಾಗ ತಾನೇ ನೀರಿನಲ್ಲಿ ಅದುಮಿದಂತೆ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಚಿತ್ರ ಮೂಡುವುದು ಬಹಳಷ್ಟು ಹೊಸ ತಾಯಂದಿರ ಅನುಭವ. ಬೇಡವಾದ ಈ ಯೋಚನೆಗೆ ತಾಯಿಯೇ ಬೆಚ್ಚಿಬೀಳುತ್ತಾಳೆ, ಮಗುವನ್ನು ಮುಟ್ಟಲು ಹೆದರುತ್ತಾಳೆ. ಆ ಹೆದರಿಕೆಯೇ ಇದು ಆತಂಕದ ಲಕ್ಷಣವೆಂಬುದಕ್ಕೆ ಸೂಚನೆ. ಯೋಚನೆ ಬಂದ ಮಾತ್ರಕ್ಕೆ ಅವಳು ಹಾಗೆ ಮಾಡಿಬಿಡುತ್ತಾಳೆಂದಲ್ಲ. ಆ ಯೋಚನೆ ಅವಳಿಗೆ ಸರಿಯೆಂದೇ ತೋರತೊಡಗಿದರೆ, ಯಾರೋ ಹೇಳಿ ಮಾಡಿಸುತ್ತಿದ್ದಾರೆ ಎಂದರೆ, ಅದು ಮೇಲೆ ಹೇಳಿದ ತುರ್ತಿನ ಸ್ಥಿತಿ. ಈ ವ್ಯತ್ಯಾಸ ತಿಳಿಯದ ಮನೆಯವರು ಮೊದಲ ಬಗೆಯ ಮಾತನ್ನು ಕೇಳಿದಾಗ ಮಗುವನ್ನು ಅವಳ ಕೈಯಿಂದ ಕಸಿದುಕೊಳ್ಳುತ್ತಾರೆ. ಇಂಥದನ್ನು ಒಂದು ಸಲ ಕಂಡ ತಾಯಿ ಇನ್ನೆಂದೂ ಬಾಯಿಬಿಡುವುದಿಲ್ಲ.

ಬಾಯಿ ಬಿಡಿಸುವುದಕ್ಕೊಂದು ಸಲಕರಣೆ ಇದೆ. 1987ರಲ್ಲಿ ಜಾನ್ ಕಾಕ್ಸ್, ಜೆನಿಫರ್ ಹೋಲ್ಡನ್ ಮತ್ತು ರೂತ್ ಸಗೊವ್‌ಸ್ಕಿ ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ರೂಪಿಸಿದ ಎಡಿನ್‌ಬರೋ ಮಾಪಕದಲ್ಲಿ ಹತ್ತೇ ಪ್ರಶ್ನೆಗಳು, ಒಟ್ಟು 30 ಅಂಕ. ಕಳೆದ ಏಳು ದಿನಗಳಲ್ಲಿ ಹೇಗನ್ನಿಸಿತು ಎಂಬುದನ್ನು ತಾಯಿಯೇ ಗುರುತು ಹಾಕಬೇಕು. ಸುಸ್ತಾಗುತ್ತಿದೆಯೇ, ಹಸಿವಿದೆಯೇ ಎಂದು ಅದು ಕೇಳುವುದಿಲ್ಲ, ಏಕೆಂದರೆ ಹಸುಗೂಸಿನ ತಾಯಿ ಸುಸ್ತಾಗದೆ ಇರುವುದುಂಟೇ; ನಗು ಬರುವ ಸಂಗತಿಗೆ ನಗಲು ಆಗುತ್ತಿದೆಯೇ, ಕಾರಣವಿಲ್ಲದೆ ನಿಮ್ಮನ್ನು ನೀವೇ ಹಳಿದುಕೊಳ್ಳುತ್ತಿದ್ದೀರಾ, ದುಃಖದಿಂದಾಗಿ ನಿದ್ದೆ ಕೆಟ್ಟಿದೆಯೇ ಎಂದು ಕೇಳುತ್ತದೆ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಇಲ್ಲ ಎಂಬುದನ್ನು ಬಿಟ್ಟು ಬೇರೆ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ ತಕ್ಷಣ ಗಮನಿಸಬೇಕು. ಈ ಹಾಳೆಯನ್ನು ಅತ್ತೆ, ಗಂಡ, ನಾದಿನಿ ಸುತ್ತ ನಿಂತಿರುವಾಗ ತುಂಬಿಸಿದರೆ ಎಲ್ಲ ಪ್ರಶ್ನೆಗಳಿಗೂ ಸೊನ್ನೆಯೇ, ಅಂದರೆ ಏನೂ ತೊಂದರೆಯಿಲ್ಲವೆಂಬ ಉತ್ತರವೇ, ಬರುತ್ತದೆ. ಪರೀಕ್ಷೆಗೆ ಜೊತೆಯಲ್ಲಿ ಹೋದವರು ಹತ್ತು ನಿಮಿಷ ಹೊರಗೆ ಕುಳಿತುಕೊಳ್ಳಬೇಕು, ಮಗುವನ್ನೂ ಎತ್ತಿಕೊಂಡು.

ಚಿಕಿತ್ಸೆಯ ವಿಷಯದಲ್ಲಿ ಮನೆಯವರ ಅಡ್ಡಿ ಹೆಚ್ಚಾಗಿ ಮಾತ್ರೆಯ ಭಯದಿಂದ ಬರುತ್ತದೆ. ಸೌಮ್ಯ ಖಿನ್ನತೆಗೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಮಾತ್ರೆ ಬೇಕಾದಾಗಲೂ ಹಾಲೂಡಿಸುವುದನ್ನು ಬಿಡಬೇಕೆಂದೇನೂ ಇಲ್ಲ. ಉದಾಹರಣೆಗೆ ಸರ್ಟ್ರಲಿನ್ ಎಂಬ ಔಷಧ ಎದೆಹಾಲಿಗೆ ಸೇರುವ ಪ್ರಮಾಣ ತೀರ ಕಡಿಮೆಯಾದ್ದರಿಂದ ವೈದ್ಯರು ಅದನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ. 2023ರಲ್ಲಿ ಅಮೆರಿಕದಲ್ಲಿ ಹೆರಿಗೆಯ ನಂತರದ ಖಿನ್ನತೆಗೆಂದೇ ಜುರಾನೊಲೋನ್ ಎಂಬ 14 ದಿನಗಳ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಅದನ್ನು ನುಂಗಿದ ಮೇಲೆ 12 ಗಂಟೆ ವಾಹನ ಓಡಿಸಬಾರದು, ಮಂಪರು ಬರುತ್ತದೆ. ಅಂದರೆ ಆ ಹದಿನಾಲ್ಕು ರಾತ್ರಿಯೂ ಮಗುವನ್ನು ನೋಡಿಕೊಳ್ಳುವ ಇನ್ನೊಬ್ಬರು ಬೇಕು. ಇಷ್ಟು ಹೊಸ ಔಷಧವೂ ಕೊನೆಗೆ ಆ ಹಳೆಯ ಪ್ರಶ್ನೆಗೇ ಬಂದು ಮುಟ್ಟುತ್ತದೆ.

ಉಳಿದದ್ದು ಕಾಲದ ಲೆಕ್ಕ. ಮನೆಗೆ ಜನ ಬರುವುದು, ಅಡುಗೆ ಮಾಡಿ ಕಳಿಸುವುದು, ಫೋನು ಮಾಡುವುದು ಎಲ್ಲವೂ ಮೊದಲ ಒಂದು ತಿಂಗಳಲ್ಲಿ ಒಟ್ಟೊಟ್ಟಾಗಿ ನಡೆದು ಮುಗಿಯುತ್ತದೆ. ಖಿನ್ನತೆ ಆ ಪಂಚಾಂಗ ನೋಡಿ ಬರುವುದಿಲ್ಲ. ಹೆರಿಗೆಯಾದ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ತಾಯಂದಿರ ಪ್ರತಿಯೊಂದು ಸಾವನ್ನೂ ಪರಿಶೀಲಿಸುವ ಬ್ರಿಟನ್ನಿನ ವರದಿಗಳ ಪ್ರಕಾರ, ಗರ್ಭಾವಸ್ಥೆ ಮುಗಿದ ಆರು ವಾರಗಳ ನಂತರ ಒಂದು ವರ್ಷದೊಳಗೆ ಸಂಭವಿಸುವ ಸಾವುಗಳಲ್ಲಿ, ಗರ್ಭಧಾರಣೆಗೆ ನೇರವಾಗಿ ಸಂಬಂಧಿಸಿದ ಕಾರಣಗಳ ಪೈಕಿ ಆತ್ಮಹತ್ಯೆಯೇ ಮೊದಲ ಸ್ಥಾನದಲ್ಲಿದೆ. ಆ ಹೊತ್ತಿಗೆ ನೋಡಲು ಬರುವವರು ನಿಂತಿರುತ್ತಾರೆ, ಗಂಡ ಕೆಲಸಕ್ಕೆ ಮರಳಿರುತ್ತಾನೆ, ಹೊಲಿಗೆ ಮಾಯ್ದು ತಾಯಿ ನೋಡುವವರ ಕಣ್ಣಿಗೆ ಮೊದಲಿನಂತೆ ಕಾಣುತ್ತಿರುತ್ತಾಳೆ. ಆದ್ದರಿಂದ ನೆರವಾಗಲು ಮುಂದೆ ಬಂದ ಹತ್ತು ಮಂದಿಯಲ್ಲಿ ಮೂವರನ್ನಾದರೂ ಮೊದಲ ತಿಂಗಳು ಬರಬೇಡಿ, ನಾಲ್ಕನೆಯ ತಿಂಗಳು ಬನ್ನಿ ಎಂದು ಮೊದಲೇ ಕೇಳಿಕೊಂಡಿಟ್ಟುಕೊಳ್ಳುವುದು ಲೇಸು. ಬಂದವರು ಮಗುವನ್ನು ಎತ್ತಿಕೊಳ್ಳುವ ಮೊದಲು ಕುಳಿತು, "ನೀನು ಹೇಗಿದ್ದೀಯಾ?" ಎಂದು ಕೇಳಿ, ಅವಳು "ಹೂಂ" ಅಂದ ಮೇಲೂ ಇನ್ನಷ್ಟು ಹೊತ್ತು ಅಲ್ಲಿಯೇ ಕುಳಿತಿರಲಿ.